ನಮ್ಮ ಬಾವಿಯ ರಾಟೆ

ಒಂದು ಸೀರೆಯನ್ನು ಕೊಳ್ಳಬೇಕಾದರೆ ನಾಲ್ಕು ಅಂಗಡಿಗಳ ಮೆಟ್ಟಿಲನ್ನು ಹತ್ತಿ ಇಳಿಯುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕೈಗಡಿಯಾರವನ್ನು ಕೊಳ್ಳುವಾಗ ಅದರ ಹೊಟ್ಟೆಯೊಳಗಿನ ಸಮಾಚಾರವನ್ನೆಲ್ಲ ವಿಚಾರಿಸುವವರೂ ಇಲ್ಲದಿಲ್ಲ. ಆದರೆ ಬಾವಿಯ ರಾಟೆಯನ್ನು ಹಾಗೆ ತೂಗಿ, ತಿರುಗಿಸಿ, ನೋಡಿ ಆರಿಸಿ ತಂದವರು ಅಪರೂಪ. ಸವೆದಾಗ ಒಂದು ರಾಟೆ, ಹರಿದಾಗ ಒಂದು ಹಗ್ಗ; ಅಂಗಡಿಯವನು ಯಾವುದನ್ನು ಮುಂದಿಟ್ಟರೆ ಅದು. ಅದು ಅಗ್ಗದ ಪದಾರ್ಥವೆಂಬುದೇ ಇದಕ್ಕೆ ಕಾರಣವೆಂದು ನಾನು ಬಹುಕಾಲ ತಿಳಿದಿದ್ದೆ. ರಾಟೆಯನ್ನು ಕೊಳ್ಳುವವರು ಒಬ್ಬರು, ಹಗ್ಗವನ್ನು ಸೇದುವವರು ಇನ್ನೊಬ್ಬರು ಎಂಬುದೂ ಒಂದು ಕಾರಣವೆಂದು ಈಚೆಗೆ ತೋರತೊಡಗಿದೆ.

ನನ್ನೂರು ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರ. ಹೋಬಳಿಯ ಊರು, ಸುತ್ತಲೂ ತೆಂಗು, ಮಾವು, ಹಿಪ್ಪುನೇರಳೆ, ರಾಗಿ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು. ಪಂಪನ ಮೇಲೆ ನಾಲ್ಕು ಮಾತು ಆಡೆಂದರೆ ನಲವತ್ತು ಆಡಿಯೇನು. ಕಬ್ಬಿಣ, ಗ್ರೀಸುಗಳ ವಿಷಯದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ. ಆದರೂ ನಾನು ರಾಟೆಯ ಬೆನ್ನು ಹತ್ತಬೇಕಾಗಿ ಬಂದದ್ದು ನಮ್ಮ ಅವ್ವನ ದೆಸೆಯಿಂದ.

ಮನೆಯ ಹಿತ್ತಲಿನಲ್ಲಿ ತಾತನ ಕಾಲದ ಕಲ್ಲುಕಟ್ಟಡದ ಬಾವಿಯೊಂದಿದೆ. ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಅದು ಬತ್ತಿಹೋಗಿತ್ತು. ಕೊಳವೆ ಬಾವಿಗಳು ಪಾತಾಳಕ್ಕೆ ಕೈಚಾಚಿದ ಮೇಲೆ ನಮ್ಮ ಸೀಮೆಯ ತೆರೆದ ಬಾವಿಗಳೆಲ್ಲ ಒಂದೊಂದಾಗಿ ಕಣ್ಣು ಮುಚ್ಚಿದವು. ಕೆಲವು ಕಸದ ಗುಂಡಿಗಳಾದವು. 2022ರ ಆಗಸ್ಟ್ ತಿಂಗಳಲ್ಲಿ ಹಿಡಿದ ಮಳೆ ವಾಚಕರಿಗೆ ನೆನಪಿರಬಹುದು. ರಾಮನಗರದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿಯೇ ನೀರಿನಲ್ಲಿ ಮುಳುಗಿ ಕಾರು ಬಸ್ಸುಗಳು ತೇಲಾಡಿದ ಮಳೆ ಅದು. ಅದು ಅನೇಕರಿಗೆ ಅನರ್ಥವನ್ನು ತಂದಿತು. ನಮ್ಮ ಬಾವಿಗೆ ಮಾತ್ರ ಮರುಜನ್ಮವನ್ನು ಕೊಟ್ಟಿತು. ಐದು ಮಾರು ಹಗ್ಗ ಬಿಟ್ಟರೆ, ಎಂದರೆ ಸುಮಾರು 30 ಅಡಿಗೆ, ಕೊಡ ಮುಳುಗುವಷ್ಟು ನೀರು.

ಬಾವಿಗೆ ಮೋಟಾರು ಇಳಿಸೋಣವೆಂದು ತಮ್ಮ ಹೇಳಿದ. ಅವ್ವ ಒಪ್ಪಲಿಲ್ಲ. ಕರೆಂಟು ಬರುವ ಹೊತ್ತು ಹಸುಗಳಿಗೆ ಬಾಯಾರುವ ಹೊತ್ತಲ್ಲ ಎಂಬುದು ಅವಳ ಮೊದಲನೆಯ ವಾದ. ಎರಡನೆಯದು ಇನ್ನೂ ಸ್ವಾರಸ್ಯವಾದದ್ದು. ಕೈಯಲ್ಲಿ ಸೇದುವವರಿಗೆ ಬಾವಿಯ ಮನಸ್ಸು ತಿಳಿದಿರುತ್ತದೆ. ಹಗ್ಗ ಒಂದು ಮೊಳ ಹೆಚ್ಚಿಗೆ ಹೋದರೆ ನೀರು ಒಂದು ಮೊಳ ಇಳಿಯಿತೆಂದು ಅಂದೇ ಗೊತ್ತಾಗುತ್ತದೆ. ಮೋಟಾರಿನವನಿಗೆ ಅದು ಗೊತ್ತಾಗುವುದು ಕೊಳಾಯಿಯಲ್ಲಿ ಗಾಳಿ ಬಂದ ದಿನ. ಒಮ್ಮೆ ಬತ್ತಿದ ಬಾವಿಯ ಮನೆಯಲ್ಲಿ ಬಾಳಿದ ಹೆಂಗಸಿನ ಲೆಕ್ಕಾಚಾರವಿದು. ನನಗೆ ಎದುರಾಡಲು ತೋಚಲಿಲ್ಲ. ಆದರೆ ಅವಳಿಗೆ 62 ವರ್ಷ, ಎಡಭುಜ ಹಿಡಿದುಕೊಂಡಿದೆ, ಭಾರವೆತ್ತಕೂಡದೆಂದು ವೈದ್ಯರ ಆಜ್ಞೆಯೂ ಆಗಿದೆ.

ಇಲ್ಲಿಂದ ರಾಟೆಯ ಕಥೆ ಪ್ರಾರಂಭ.

ಅಟ್ಟದ ಮೇಲೆ ಎರಡು ಹಳೆಯ ರಾಟೆಗಳಿದ್ದವು. ಒಂದು ಕರಿಜಾಲಿಯ ಮರದ್ದು, ಊರ ಬಡಗಿ ಕಡೆದದ್ದು. ಚನ್ನಪಟ್ಟಣವೆಂದರೆ ಬೊಂಬೆಗಳ ಊರು. ಮರವನ್ನು ತಿರುಗಣೆಗೆ ಹಾಕಿ ಗುಂಡಗೆ ಕಡೆಯುವ ಕೈಗಳಿಗೆ ಅಲ್ಲಿ ಕೊರತೆಯಿಲ್ಲ. ಆದರೆ ಬೊಂಬೆಗೆ ಹೊಂದುವ ಹಾಲೆಮರ ರಾಟೆಗೆ ಸಲ್ಲದು. ಅದು ಮೃದು, ಹಗ್ಗ ಅದನ್ನು ಬೇಗ ಕೊರೆಯುತ್ತದೆ. ಗಾಡಿಯ ಚಕ್ರಕ್ಕೆ ಬರುವ ಜಾಲಿಯೇ ರಾಟೆಗೂ ಬರಬೇಕು. ಎರಡನೆಯದು ಬೀಡು ಕಬ್ಬಿಣದ್ದು. ಇದರ ಕೀರಲು ದನಿಯನ್ನು ನಾನು ಚಿಕ್ಕಂದಿನಲ್ಲಿ ಹಾಸಿಗೆಯಿಂದಲೇ ಕೇಳುತ್ತಿದ್ದೆ. ಬೀದಿಯ ಯಾವ ಮನೆಯಲ್ಲಿ ಯಾರು ಎದ್ದರೆಂಬುದು ರಾಟೆಯ ದನಿಯಿಂದಲೇ ಊರಿಗೆ ತಿಳಿಯುತ್ತಿದ್ದ ಕಾಲವದು. ಸೊಸೆ ತಡವಾಗಿ ಎದ್ದಳೆಂದು ಸಾಕ್ಷಿ ಹೇಳುವುದಕ್ಕೆ ಇದಕ್ಕಿಂತ ನಂಬಿಕೆಯ ಯಂತ್ರವಿರಲಿಲ್ಲ.

ನಮ್ಮ ತಾತನ ಹೊಲದ ಬಾವಿಯಲ್ಲಿ ಕಪಿಲೆ ಇತ್ತಂತೆ. ನಾನು ಅದನ್ನು ಕಂಡವನಲ್ಲ. ಎರಡು ಕಲ್ಲುಕಂಬಗಳು ಮಾತ್ರ ಈಗಲೂ ನಿಂತಿವೆ. ಕಪಿಲೆಗೆ ಎರಡು ಹಗ್ಗ, ಎರಡು ಉರುಳೆ. ಮೇಲಿನ ದೊಡ್ಡ ಗಾಲಿಯ ಮೇಲೆ ದಪ್ಪ ಮಿಣಿ ಹಾದು ಚರ್ಮದ ಬಾನಿಯ ಬಾಯನ್ನು ಎತ್ತುತ್ತದೆ. ಕೆಳಗಿನ ಉದ್ದನೆಯ ಉರುಳೆಯ ಮೇಲೆ ಸಣ್ಣ ಹಗ್ಗ ಹಾದು, ಆನೆಯ ಸೊಂಡಿಲಿನಂತಿರುವ ಅದರ ಬಾಲವನ್ನು ಎತ್ತಿ ಹಿಡಿದಿರುತ್ತದೆ. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ಬಾನಿ ಮೇಲೇರುತ್ತದೆ; ಬಾಯಿ ಇನ್ನೂ ಮೇಲೇರುತ್ತಿರುವಾಗಲೇ ಸೊಂಡಿಲು ತೊಟ್ಟಿಯ ಕಡೆಗೆ ಬಾಗಿ ನೀರು ತಾನಾಗಿ ಸುರಿಯುತ್ತದೆ. ಎರಡು ಹಗ್ಗಗಳ ಉದ್ದದಲ್ಲಿರುವ ವ್ಯತ್ಯಾಸವೇ ಇಷ್ಟು ಕೆಲಸ ಮಾಡುತ್ತದೆ. ಗಾಲಿಯ ಅಚ್ಚಿಗೆ ಆಗಾಗ ಕೀಲೆಣ್ಣೆ ಬಿದ್ದರಾಯಿತು. ಎತ್ತುಗಳಿಗಾಗಿ ಇಷ್ಟೊಂದು ಯೋಚಿಸಿದ ನಮ್ಮವರು ಹಿತ್ತಲ ಬಾವಿಗೆ ಬಂದಾಗ ಒಂದೇ ಗಾಲಿ, ಒಂದೇ ಹಗ್ಗ ಕೊಟ್ಟು ಕೈತೊಳೆದುಕೊಂಡರು!

ತಮ್ಮ ಹಳೆಯದನ್ನು ಮುಟ್ಟಗೊಡದೆ ಪೇಟೆಯಿಂದ ಬಾಲ್ ಬೇರಿಂಗಿನ ಹೊಸ ರಾಟೆಯನ್ನೂ ನೀಲಿ ನೈಲಾನ್ ಹಗ್ಗವನ್ನೂ ತಂದು ತೂಗುಹಾಕಿದ. ಬೆರಳಿನಿಂದ ತಟ್ಟಿದರೆ ಸಾಕು, ಗಾಲಿ ಹತ್ತಾರು ಸುತ್ತು ಸದ್ದಿಲ್ಲದೆ ತಿರುಗುತ್ತದೆ. ನೋಡಿದವರೆಲ್ಲ ಮೆಚ್ಚಿದರು. ಅವ್ವನೂ ಮೆಚ್ಚಿದಳು. ವಾರ ಕಳೆದ ಮೇಲೆ ಒಂದು ದಿನ ಅವಳ ಬಲ ಅಂಗೈಯಲ್ಲಿ ಅರಿಸಿನ ಮೆತ್ತಿರುವುದನ್ನು ಕಂಡೆ. ಬಿಡಿಸಿ ನೋಡಿದರೆ ಚರ್ಮ ಉದ್ದಕ್ಕೂ ಬೆಂದಂತೆ ಕೆಂಪಾಗಿತ್ತು.

"ಏನವ್ವ ಇದು?"

"ಏನೂ ಇಲ್ಲ ಕಣಪ್ಪ. ಹಗ್ಗ ಜಾರ್ತು. ಮೇಲಕ್ಕೆ ಬರೋದೇನೋ ಸಲೀಸಾಯ್ತು. ಆದ್ರೆ ನಡುವೆ ಒಂದ್ ಗಳಿಗೆ ನಿಂತ್ಕೊಳ್ಳೋಕೆ ಬಿಡಾಕಿಲ್ವಲ್ಲ ಇದು."

ಈ ಮಾತು ನನ್ನನ್ನು ಬಿಡಲಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರದ ಮಿತ್ರರೊಬ್ಬರ ಮುಂದೆ ಇದನ್ನು ಹೇಳಿದೆ. ಅವರು ಬಿಳಿಯ ಹಲಗೆಯ ಮೇಲೆ ಒಂದು ಗಾಲಿಯನ್ನು ಬರೆದು, "ನಿಮ್ಮ ತಾಯಿಯವರು ಹೇಳಿರುವುದು ಅಕ್ಷರಶಃ ಸರಿ" ಎಂದರು. ಒಂಟಿ ರಾಟೆ ಭಾರವನ್ನು ಕಡಮೆ ಮಾಡುವುದಿಲ್ಲ; ಎಳೆತದ ದಿಕ್ಕನ್ನು ಮಾತ್ರ ಬದಲಿಸುತ್ತದೆ. ತುಂಬಿದ ಬಿಂದಿಗೆ 14 ಕಿಲೋ ಇದೆಯೆಂದಿಟ್ಟುಕೊಳ್ಳಿ. ತುಕ್ಕು ಹಿಡಿದ ಹಳೆಯ ರಾಟೆಯಲ್ಲಿ ಅದನ್ನು ಎತ್ತಲು 17 ಕಿಲೋ ಎಳೆತ ಬೇಕಾದೀತು. ಆದರೆ ನಡುವೆ ನಿಲ್ಲಿಸಿ ಹಿಡಿಯುವಾಗ ಅದೇ ತುಕ್ಕು ನಮ್ಮ ಪಕ್ಷಕ್ಕೆ ಬರುತ್ತದೆ. ಹನ್ನೊಂದೂವರೆ ಕಿಲೋ ಹಿಡಿದರೆ ಸಾಕು. ಬೇರಿಂಗಿನ ರಾಟೆಯಲ್ಲಿ ಎತ್ತುವುದಕ್ಕೂ ಹದಿನಾಲ್ಕೇ, ಹಿಡಿಯುವುದಕ್ಕೂ ಹದಿನಾಲ್ಕೇ. ಸೇದುವವರು ಒಂದು ಕೈ ಬದಲಿಸಿ ಇನ್ನೊಂದು ಕೈ ಹಾಕುವ ಪ್ರತಿ ಸಲವೂ ಒಂದು ಕ್ಷಣ ಬಿಂದಿಗೆಯ ಭಾರವೆಲ್ಲ ಒಂದೇ ಕೈಯ ಮೇಲೆ. ಆ ಕ್ಷಣದಲ್ಲಿ ನೋವಿನ ಭುಜ ಸಡಿಲಿತೋ, ನುಣುಪಾದ ಗಾಲಿಗೆ ಕರುಣೆಯಿಲ್ಲ. ಹಿಂದೆ ಹೆಂಗಸರು ಹಗ್ಗವನ್ನು ಪಾದದಡಿ ಒತ್ತಿ ಒಂದಿಷ್ಟು ಉಸಿರಾಡುತ್ತಿದ್ದರು. ಅದಕ್ಕೆ ಒಂಟಿಕಾಲಿನಲ್ಲಿ ಭಾರ ತಡೆಯುವ ಮಂಡಿ ಬೇಕು.

ಈ ತೊಡಕು ನಮ್ಮ ಹಿತ್ತಲಿನದು ಮಾತ್ರವಲ್ಲ. ಹಗ್ಗವನ್ನೂ ರಾಟೆಯನ್ನೂ ಲೋಕದಲ್ಲಿ ಎಲ್ಲರಿಗಿಂತ ಹೆಚ್ಚಾಗಿ ನಂಬಿ ಬದುಕಿದವರು ಹಾಯಿಹಡಗಿನವರು. ಪಟವನ್ನು ಏರಿಸಲು, ಇಳಿಸಲು, ಗಾಳಿಗೆ ತಕ್ಕಂತೆ ತಿರುಗಿಸಲು ಒಂದೊಂದು ಯುದ್ಧನೌಕೆಗೆ ನೂರಾರು ರಾಟೆಗಳು ಬೇಕಾಗುತ್ತಿದ್ದವು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಲ್ಲಿ ಮಾರ್ಕ್ ಬ್ರುನೆಲ್ ಎಂಬಾತ ಯೋಜಿಸಿ, ಹೆನ್ರಿ ಮಾಡ್ಸ್‌ಲೀ ಎಂಬಾತ ಕಟ್ಟಿಕೊಟ್ಟ 45 ಯಂತ್ರಗಳು 1808ರಲ್ಲಿ ವರ್ಷಕ್ಕೆ 1,30,000 ರಾಟೆಗಳನ್ನು ತಯಾರಿಸುತ್ತಿದ್ದುವಂತೆ. 110 ಜನರ ಕೆಲಸವನ್ನು 10 ಜನ ಮಾಡಿದರಂತೆ. ಆ ಗಾಲಿಗಳಿಗೆ ಬಳಸಿದ್ದು ಲಿಗ್ನಮ್ ವೀಟೆ ಎಂಬ ಮರ. ನೀರಿಗೆ ಹಾಕಿದರೆ ಮುಳುಗುವಷ್ಟು ಗಟ್ಟಿ. ತನ್ನೊಳಗೇ ಜಿಡ್ಡನ್ನು ಇಟ್ಟುಕೊಂಡಿರುವುದರಿಂದ ಕೀಲೆಣ್ಣೆಯ ಹಂಗೂ ಕಡಮೆ.

ನುಣುಪಾಗಿ ತಿರುಗುವ ಗಾಲಿಯನ್ನು ಮಾಡಿಕೊಂಡಷ್ಟಕ್ಕೆ ನಾವಿಕರು ಸುಮ್ಮನಾಗಲಿಲ್ಲ. ಎಳೆದ ಹಗ್ಗವನ್ನು ಹಿಡಿದು ನಿಲ್ಲಿಸುವುದಕ್ಕೆ ಬೇರೆಯೇ ಸಲಕರಣೆ ಮಾಡಿದರು: ಗೂಟಗಳು, ಹಲ್ಲಿನ ಹಿಡಿಕೆಗಳು, ಒಂದೇ ಕಡೆಗೆ ತಿರುಗುವ ಉರುಳೆಗಳು. ಉರುಳೆಗೆ ಹಗ್ಗವನ್ನು ಸುತ್ತಿದರೆ ಆಗುವ ಚಮತ್ಕಾರವನ್ನು 18ನೆಯ ಶತಮಾನದಲ್ಲಿಯೇ ಆಯ್ಲರ್ ಎಂಬ ಗಣಿತಜ್ಞ ಲೆಕ್ಕ ಹಾಕಿ ತೋರಿಸಿದ್ದಾನೆ. ಉಜ್ಜಾಟ ಸಾಧಾರಣವಾಗಿದ್ದರೂ ಒಂದು ಸುತ್ತಿಗೆ ಹಿಡಿತ ಸುಮಾರು 5 ಪಟ್ಟಾಗುತ್ತದೆ. ಎರಡು ಸುತ್ತಿಗೆ 10 ಅಲ್ಲ, 25 ಪಟ್ಟು. ಹೋರಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ನಿಶ್ಚಿಂತೆಯಾಗಿ ಬೀಡಿ ಹಚ್ಚುವ ನಮ್ಮ ರೈತನಿಗೂ ಇದು ಗೊತ್ತಿರುವುದೇ. ಭಾರತೀಯ ನೌಕಾಪಡೆಯ 6 ಮಂದಿ ಮಹಿಳಾ ಅಧಿಕಾರಿಗಳು ‘ತಾರಿಣಿ’ ಎಂಬ ಹಾಯಿನೌಕೆಯಲ್ಲಿ 2017ರ ಸೆಪ್ಟೆಂಬರಿನಲ್ಲಿ ಗೋವೆಯಿಂದ ಹೊರಟು 2018ರ ಮೇ ತಿಂಗಳಲ್ಲಿ ಭೂಪ್ರದಕ್ಷಿಣೆ ಮುಗಿಸಿ ಬಂದರಲ್ಲವೆ? ಬಿರುಗಾಳಿಯಲ್ಲಿ ಅವರು ಎಳೆದ ಹಗ್ಗವೂ ಇಂಥ ಉರುಳೆಗಳಿಗೆ ಸುತ್ತಿಕೊಂಡು, ಎಳೆದಷ್ಟನ್ನು ಉಳಿಸಿಕೊಳ್ಳುತ್ತಿತ್ತು. ಎಂಟು ತಿಂಗಳು ಸಮುದ್ರದ ಮೇಲಿದ್ದವರಿಗೆ ಇದ್ದ ಅನುಕೂಲ ಹತ್ತು ಬಿಂದಿಗೆ ನೀರು ಸೇದುವ ನಮ್ಮವ್ವನಿಗೆ ಏಕಿರಬಾರದು?

ಹೀಗೆಂದುಕೊಂಡು ಹುಡುಕುತ್ತ ಹೋದಾಗ ಗುಜರಾತಿನ ಅಮೃತಭಾಯಿ ಅಗ್ರಾವತ್ ಅವರ ಹೆಸರು ಸಿಕ್ಕಿತು. ಜುನಾಗಢ ಜಿಲ್ಲೆಯ ಪಿಖೋರ್ ಎಂಬ ಹಳ್ಳಿಯವರು. ದೊಡ್ಡ ಓದಿನವರಲ್ಲ, ಕೃಷಿಯ ಉಪಕರಣಗಳನ್ನು ಮಾಡುವವರು. ಬಾವಿಯ ರಾಟೆಗೆ ಅವರು ಒಂದು ತಡೆಯನ್ನು ಜೋಡಿಸಿದರು. ಸೇದುವಾಗ ಅದು ಹಗ್ಗಕ್ಕೆ ದಾರಿ ಬಿಡುತ್ತದೆ. ಕೈ ಸಡಿಲಿಸಿದರೆ ಹಗ್ಗವನ್ನು ಅದುಮಿ ಹಿಡಿಯುತ್ತದೆ. ಕೊಡ ನಡುಬಾವಿಯಲ್ಲಿ ನಿಲ್ಲುತ್ತದೆ, ಸೇದುವವರು ಬೆವರು ಒರೆಸಿಕೊಳ್ಳಬಹುದು. ಹಳ್ಳಿಗರ ಕಲ್ಪನೆಗಳನ್ನು ಹುಡುಕಿ ಬರೆದಿಡುವ ಹನಿಬೀ ಬಳಗದ ಪ್ರೊಫೆಸರ್ ಅನಿಲ್ ಗುಪ್ತ ಅವರು ಇದನ್ನು ನಾಡಿಗೆ ಪರಿಚಯ ಮಾಡಿಕೊಟ್ಟರು. ರಾಟೆ ಹುಟ್ಟಿ ಎಷ್ಟೋ ಶತಮಾನಗಳಾದ ಮೇಲೆ ಬಂದ ಈ ಅಂಗೈಯಗಲದ ಕಬ್ಬಿಣವನ್ನು ಕುರಿತು ಓದಿದಾಗ ನನಗೆ ಸಂತೋಷವೂ ಆಯಿತು, ಸ್ವಲ್ಪ ನಾಚಿಕೆಯೂ ಆಯಿತು. ನಾಚಿಕೆ ಗಂಡಸರ ಪರವಾಗಿ.

ಪೇಟೆಯಲ್ಲಿ ಅಂಥ ರಾಟೆ ಉಂಟೇ ಎಂದು ಎರಡು ಅಂಗಡಿಗಳಲ್ಲಿ ಕೇಳಿದೆ. "ಹಗ್ಗ ನಿಲ್ಲಿಸೋದಾ? ಕೈಲಿ ಹಿಡ್ಕೊಂಡ್ರೆ ನಿಲ್ಲುತ್ತಲ್ಲ ಸಾರ್!" ಎಂದು ಒಬ್ಬ ವ್ಯಾಪಾರಿ ನನಗೇ ಬುದ್ಧಿ ಹೇಳಿದ. ಕಡೆಗೆ ನೆರವಾದವರು ಟ್ರ್ಯಾಕ್ಟರುಗಳಿಗೆ ಬೆಸುಗೆ ಹಾಕುವ ಒಬ್ಬ ಹಿರಿಯರು. ಚಿತ್ರ ಬರೆದು ತೋರಿಸಿದೆ, ಅವರು ಚಿತ್ರವನ್ನು ನೋಡದೆ, "ಸೇದೋರು ಯಾರು? ಎಷ್ಟು ಎತ್ತರ ಇದಾರೆ?" ಎಂದು ಕೇಳಿದರು. ನಾನು ಭೇಟಿಯಾದವರಲ್ಲಿ ಈ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ.

ಅರ್ಧ ಮಾವಿನಕಾಯಿಯ ಆಕಾರದ ಒಂದು ತುಂಡಿಗೆ ಅಂಚಿನಲ್ಲಿ ಮೊಂಡು ಹಲ್ಲುಗಳನ್ನು ಕೊರೆದು, ಅದನ್ನು ಗಾಲಿಯ ಮೇಲೆ ಒಂದು ಕೀಲಿನಲ್ಲಿ ಕೂರಿಸಿದರು. ಹಗ್ಗ ನಮ್ಮ ಕಡೆಗೆ ಬರುವಾಗ ತುಂಡು ಮೇಲೇಳುತ್ತದೆ. ಬಾವಿಯ ಕಡೆಗೆ ಜಾರಿದರೆ ತಾನೂ ಜೊತೆಯಲ್ಲಿ ಉರುಳಿ ಹಗ್ಗವನ್ನು ಗಾಲಿಗೆ ಒತ್ತುತ್ತದೆ. ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಬರಿಯ ಬಿಂದಿಗೆಯನ್ನು ಇಳಿಬಿಡುವಾಗ ತುಂಡನ್ನು ಎತ್ತಿ ಹಿಡಿಯಲು ಒಂದು ಸಣ್ಣ ದಾರ, ಅವ್ವನ ಎಡಗೈಗೆ ಭುಜ ಎತ್ತದೆ ನಿಲುಕುವಷ್ಟು ಕೆಳಗೆ.

ಮೊದಲನೆಯ ದಿನ ಅದು ಹಿಡಿಯಲಿಲ್ಲ. ನೀಲಿ ನೈಲಾನ್ ಹಗ್ಗ ಒದ್ದೆಯಾದೊಡನೆ ಮೀನಿನಂತೆ ಹಲ್ಲಿನಡಿ ನುಸುಳಿತು. ಹಿಡಿಕೆಯನ್ನು ಬದಲಿಸಿದರೆ ಹಗ್ಗವನ್ನೂ ಬದಲಿಸಬೇಕು. ನೈಲಾನ್ ಬಲವಾದದ್ದು, ಕೊಳೆಯುವುದಿಲ್ಲ. ಆದರೆ ತೆಳ್ಳಗಿದ್ದರೆ ಅಂಗೈಯನ್ನು ಕೊಯ್ಯುತ್ತದೆ, ಭಾರಕ್ಕೆ ಜಗ್ಗುತ್ತದೆ. ಕತ್ತಾಳೆಯ ಹಗ್ಗ ಹೊಸದರಲ್ಲಿ ಗಟ್ಟಿ, ಸದಾ ನೆನೆದರೆ ಮೆತ್ತಗಾಗಿ ಕೊಳೆಯುತ್ತದೆ. ತೆಂಗಿನ ನಾರು ಒರಟು, ಆದರೆ ನೀರಿಗೆ ಹೆದರುವುದಿಲ್ಲ, ಕೈಗೂ ಹಲ್ಲಿಗೂ ಹಿಡಿತ ಕೊಡುತ್ತದೆ. ಮುಕ್ಕಾಲು ಅಂಗುಲ ದಪ್ಪದ ನಾರಿನ ಹಗ್ಗವನ್ನೇ ತಂದೆವು. ಹಗ್ಗದ ದಪ್ಪದ 8 ಪಟ್ಟಾದರೂ ಗಾಲಿಯ ಅಗಲವಿರಬೇಕು, ಇಲ್ಲವಾದರೆ ಹಗ್ಗ ಮುರಿದಂತೆ ಬಾಗಿ ಒಳಗೊಳಗೇ ಸವೆಯುತ್ತದೆ ಎಂದು ಬೆಸುಗೆಯವರು ಹೇಳಿದ್ದರಿಂದ 6 ಅಂಗುಲದ ಗಾಲಿಯೂ ಬಂತು. ನಡುವೆ ಗಂಟಿರಕೂಡದು, ಗಂಟು ಬಂದು ತಡೆಗೆ ಬಡಿದರೆ ಬಿಂದಿಗೆ ಅಲ್ಲಿಯೇ ತ್ರಿಶಂಕುವಾಗುತ್ತದೆ. ಬೇರಿಂಗನ್ನು ಮಾತ್ರ ಬಿಡಲಿಲ್ಲ. ತಮ್ಮನ ಮರ್ಯಾದೆಯ ಪ್ರಶ್ನೆಯೂ ಅದರಲ್ಲಿತ್ತು.

ಈಗ ಅವ್ವ ಬಿಂದಿಗೆಯನ್ನು ಅರ್ಧಕ್ಕೆ ಎಳೆದು ಕೈಬಿಡುತ್ತಾಳೆ. ಸೆರಗನ್ನು ಸರಿಮಾಡಿಕೊಳ್ಳುತ್ತಾಳೆ, ಬೇಲಿಯಾಚೆಯವರೊಡನೆ ಎರಡು ಮಾತಾಡುತ್ತಾಳೆ, ಆಮೇಲೆ ಉಳಿದ ಅರ್ಧವನ್ನು ಎಳೆಯುತ್ತಾಳೆ. ಭುಜದ ನೋವು ಹೋಗಿಲ್ಲ. ವೈದ್ಯರ ಮುಂದೆ ಈ ಸಮಾಚಾರವನ್ನೆಲ್ಲ ನಾವು ವಿಸ್ತಾರವಾಗಿ ಹೇಳಿಯೂ ಇಲ್ಲ. ಅಂಗೈಯ ಗಾಯ ಮಾಯಿತು. ನಾರಿನ ಹಗ್ಗದಲ್ಲಿ ಹಲ್ಲು ಕಚ್ಚುವ ಜಾಗ ಸ್ವಲ್ಪ ಜುಂಗು ಎದ್ದಿದೆ. ಇನ್ನಾರು ತಿಂಗಳಿಗೆ ಬದಲಿಸಬೇಕಾದೀತು. ಅಷ್ಟರೊಳಗೆ ಬೇಲಿಯಾಚೆಯ ದೊಡ್ಡಮ್ಮನಿಗೂ ಒಂದು ತಡೆ ಮಾಡಿಸಿಕೊಡಬೇಕಾಗಿದೆ. ಆಕೆ ಅವ್ವನಿಗಿಂತ ಒಂದು ಗೇಣು ಕುಳ್ಳು. ದಾರ ಇನ್ನಷ್ಟು ಕೆಳಗೆ ಬರಬೇಕು. ಭಾನುವಾರ ಅಳತೆ ತೆಗೆದುಕೊಂಡು ಹೋಗುವುದೆಂದು ಮಾತಾಗಿದೆ.