ಒಂದು ಚುಕ್ಕೆಗೆ ಒಂಬತ್ತು ಗುಂಟೆ

ಫೆಬ್ರವರಿ 3, 2026. ಚಿಕ್ಕಬಳ್ಳಾಪುರ

ಊರು ಎಷ್ಟು ಹರಡಿದೆ ನೋಡಲೆಂದು ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಈ ನಾಲ್ಕು ಊರುಗಳ ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರ ಇಳಿಸಿಕೊಂಡೆ. 2008ರಿಂದ ಇವು ಬಿಟ್ಟಿ. ಒಂದು ಚುಕ್ಕೆ ಅಂದರೆ ನೆಲದ ಮೇಲೆ 30 ಮೀಟರ್ ಚೌಕ, ನಮ್ಮ ಲೆಕ್ಕದಲ್ಲಿ ಸುಮಾರು ಒಂಬತ್ತು ಗುಂಟೆ. ಮೂವತ್ತು-ನಲವತ್ತರ ಎಂಟು ಸೈಟು ಅದರೊಳಗೆ ಹಿಡಿಯುತ್ತವೆ. ಒಂದರಲ್ಲಿ ಮನೆ ಎದ್ದರೆ ಚುಕ್ಕೆಯ ಬಣ್ಣ ಅಷ್ಟೇನೂ ಕದಲದು. ಸೆಂಟಿನೆಲ್-2ರ ಚಿತ್ರ 10 ಮೀಟರಿನದು, ಆದರೆ ಅದು ಹಾರಿದ್ದೇ 2015ರಲ್ಲಿ. ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007, ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದದ್ದು 2008. ನನಗೆ ಬೇಕಾದದ್ದು ಆ ಕಾಲ. ಒರಟಾದರೂ ಲ್ಯಾಂಡ್‌ಸ್ಯಾಟೇ ಗತಿ.

ಫೆಬ್ರವರಿ 9

ಬೇಸಿಗೆಯ ಚಿತ್ರದಲ್ಲಿ ಒಣ ಕೆರೆಯಂಗಳ, ಉತ್ತ ಹೊಲ, ಕಲ್ಲುಕ್ವಾರಿ ಎಲ್ಲ ಕಟ್ಟಡಗಳ ಪಟ್ಟಿಗೆ ಸೇರಿಬಿಡುತ್ತವೆ. ಬರಡು ನೆಲವೂ ಕಾಂಕ್ರೀಟೂ ಇನ್‌ಫ್ರಾರೆಡ್‌ನಲ್ಲಿ ಹೆಚ್ಚುಕಡಿಮೆ ಒಂದೇ ಥರ ಹೊಳೆಯುವುದು ಕಾರಣ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಕಂದವಾರ ಕೆರೆಗೆ ಬಂದ ಮೇಲೆ ಅಲ್ಲಿನ ಚುಕ್ಕೆಗಳು ಕಪ್ಪಾದವು. ಕಟ್ಟಡ ಗುರುತಿಸುವ ಸೂಚ್ಯಂಕವನ್ನೇ ನಂಬಿದರೆ ಚಿಕ್ಕಬಳ್ಳಾಪುರ ಆ ಕಡೆ ಕುಗ್ಗಿದೆ! ಮಳೆ ಮುಗಿದ ಡಿಸೆಂಬರಿನ ಚಿತ್ರವನ್ನೂ ಜೊತೆಗಿಟ್ಟರೆ ಹೊಲ, ಕೆರೆ ಕಳಚಿಕೊಳ್ಳುತ್ತವೆ. ಕ್ವಾರಿ ಮಾತ್ರ ಹೋಗದು, ಕೈಯಾರೆ ಅಳಿಸಬೇಕು.

ಫೆಬ್ರವರಿ 15. ಶಿಡ್ಲಘಟ್ಟ

ನೆಲದ ಮೇಲೆ ನೋಡಲೆಂದು ರೇಷ್ಮೆಗೂಡಿನ ಮಾರುಕಟ್ಟೆ ಕಡೆ ಹೋದೆ. ಓಣಿಯೊಳಗೆ ಕೆಳಗೆ ನೂಲು ಬಿಚ್ಚಾಣಿಕೆ, ಮೇಲೆ ಸಂಸಾರ. "ಮಗನ ಮದುವೆಗೆ ಇನ್ನೊಂದು ಮಹಡಿ ಎತ್ತಿಸ್ದೆ ಸಾರ್," ಎಂದರು ಒಬ್ಬ ರೀಲರ್. ಉಪಗ್ರಹಕ್ಕೆ ಅದು ಅದೇ ಹಳೆಯ ಸೂರು. ಗೌರಿಬಿದನೂರಿನ ಕುಡುಮಲಕುಂಟೆಯಲ್ಲಿ ಇದರ ತಿರುಗುಮುರುಗು: ಕಾರ್ಖಾನೆ ಶೆಡ್ಡುಗಳು ಚಿತ್ರದಲ್ಲಿ ಬೆಳ್ಳಗೆ ಹರಡಿವೆ, ಆದರೆ ಅವುಗಳಡಿ ಮಲಗುವವರು ಯಾರು?

ಫೆಬ್ರವರಿ 20

2011ರ ಗಣತಿಯಲ್ಲಿ ಚಿಂತಾಮಣಿ 76 ಸಾವಿರ, ಜಿಲ್ಲಾಕೇಂದ್ರ 64 ಸಾವಿರ, ಶಿಡ್ಲಘಟ್ಟ 51 ಸಾವಿರ, ಗೌರಿಬಿದನೂರು 38 ಸಾವಿರ. ಆಮೇಲೆ ದೇಶದ ಜನಗಣತಿ ನಡೆದಿಲ್ಲ. ಆದ್ದರಿಂದಲೇ ಕಟ್ಟಡದ ವಿಸ್ತೀರ್ಣವನ್ನು ಗುಣಿಸಿ ಈಗಿನ ಜನಸಂಖ್ಯೆ ಹೇಳುವ ಆಸೆ. ಅಂಥ ಅಂಕಿ ನಂಬಿ ನೀರಿನ ಯೋಜನೆ ಬರೆದರೆ ಖಾಲಿ ಲೇಔಟಿಗೆ ಪೈಪು ಹೋಗುತ್ತದೆ, ಶಿಡ್ಲಘಟ್ಟದ ಓಣಿಗೆ ಟ್ಯಾಂಕರೇ ಗತಿಯಾಗುತ್ತದೆ. ನನ್ನ ನಕ್ಷೆ ಊರಿನ ಅಂಚು ಎಲ್ಲಿಗೆ ಬಂತೆಂದು ಹೇಳೀತು, ತಲೆ ಎಣಿಸುವುದು ಗಣತಿಯ ಕೆಲಸ. ಅದರ ದಿನಾಂಕ 2027ರ ಮಾರ್ಚ್ 1 ಎಂದು ಸರ್ಕಾರ ಪ್ರಕಟಿಸಿದೆ.