ಚಿನ್ನಿಯ ಡೇಟ್

ನಾವು ಮೂವರು ಬಾಡಿಗೆಗಿರುವ ಮನೆಯ ಓನರ್ ಆಂಟಿಯ ಫ್ರೆಂಚ್ ಬುಲ್‌ಡಾಗ್ ಚಿನ್ನಿ ಗಬ್ಬ ಆಗಿತ್ತು. ಈ ತಳಿಯ ಮರಿಗಳ ತಲೆ ದೊಡ್ಡದು, ತಾಯಿಯ ಸೊಂಟ ಕಿರಿದು. ಹೆಚ್ಚಿನವಕ್ಕೆ ಸಿಸೇರಿಯನ್ನೇ ಗತಿ. "ಭಾನುವಾರ ತಂಗಿ ಮನೆ ಗೃಹಪ್ರವೇಶ, ಶುಕ್ರವಾರವೇ ಮಾಡಿಸಿಬಿಡೋಣ" ಅಂದ್ರು ಆಂಟಿ. ಡಾಕ್ಟರ್ ಒಪ್ಪಲಿಲ್ಲ.

ಎಣಿಕೆ ಎಲ್ಲಿಂದ ಶುರು ಅನ್ನೋದೇ ಇಲ್ಲಿ ಸಮಸ್ಯೆ. ಗಂಡುನಾಯಿಯ ವೀರ್ಯಾಣು ಹೆಣ್ಣಿನ ದೇಹದಲ್ಲಿ ಹಲವು ದಿನ ಬದುಕಿರುತ್ತೆ. ಹಾಗಾಗಿ ಕೂಡಿದ ದಿನದಿಂದ ಎಣಿಸಿದ್ರೆ ಹೆರಿಗೆ 57ರಿಂದ 72 ದಿನದೊಳಗೆ ಯಾವತ್ತಾದ್ರೂ ಆಗಬಹುದು. ಅಂಡ ಬಿಡುಗಡೆಯಾದ ದಿನದಿಂದ ಎಣಿಸಿದ್ರೆ ಸುಮಾರು 63. ಆ ದಿನ ತಿಳಿಯಬೇಕಾದ್ರೆ ಬೆದೆಗೆ ಬಂದಾಗಲೇ ರಕ್ತದಲ್ಲಿ ಪ್ರೊಜೆಸ್ಟರಾನ್ ಪರೀಕ್ಷೆ ಆಗಿರಬೇಕು. ಚಿನ್ನಿಗೆ ಆಗಿರಲಿಲ್ಲ. ಬೇಗ ತೆಗೆದರೆ ಮರಿಗಳ ಶ್ವಾಸಕೋಶ ಬಲಿತಿರಲ್ಲ, ತಡವಾದರೆ ಹೊಟ್ಟೆಯಲ್ಲೇ ಸಾಯಬಹುದು.

ಹೆರಿಗೆಗೆ ಸುಮಾರು ಒಂದು ದಿನ ಮುಂಚೆ ಪ್ರೊಜೆಸ್ಟರಾನ್ ಕುಸಿಯುತ್ತೆ, ಅದರ ಜೊತೆ ಟೆಂಪರೇಚರ್ ಕೂಡ. ಅದಕ್ಕೇ ನಾವು ಪಾಳಿ ಹಾಕಿ ಥರ್ಮಾಮೀಟರ್ ಹಿಡಿದೆವು. ಶುಕ್ರವಾರ 100.6 ಡಿಗ್ರಿ ಫ್ಯಾರನ್‌ಹೀಟ್, ಶನಿವಾರ 100.4. ಆಂಟಿ ಗೃಹಪ್ರವೇಶಕ್ಕೆ ಹೋಗಲೇ ಇಲ್ಲ. ಸೋಮವಾರ ರಾತ್ರಿ ಎರಡು ಗಂಟೆಗೆ 98.6. "ಆಂಟೀ, ಏಳಿ ಏಳಿ!"

ಬೆಳಿಗ್ಗೆ ರಕ್ತ ಪರೀಕ್ಷೆಯಲ್ಲಿ ಪ್ರೊಜೆಸ್ಟರಾನ್ 2 ನ್ಯಾನೋಗ್ರಾಂಗಿಂತ ಕೆಳಗೆ. ಡಾಕ್ಟರ್ ತಕ್ಷಣ ಆಪರೇಷನ್‌ಗೆ ತಗೊಂಡ್ರು. ನಾಲ್ಕು ಮರಿ. ಕೊನೆಯದು ಉಸಿರೇ ಎಳೀಲಿಲ್ಲ. ಟವೆಲ್‌ನಲ್ಲಿ ಉಜ್ಜಿ ಉಜ್ಜಿ, ನಾವು ಆಸೆ ಬಿಡೋ ಹೊತ್ತಿಗೆ ಕುಂಯ್ ಅಂತು. ದಿನಗಳು ತುಂಬಿದ್ದಕ್ಕೇ ಉಳೀತು ಅಂದ್ರು ಡಾಕ್ಟರ್.

ಅದರ ತೂಕ 190 ಗ್ರಾಂ. ದಿನಾ ತೂಗಿ ಬರೆದಿಡುವ ಪಾಳಿ ಈಗ ನಮ್ಮದೇ.