ಮೂರು ನೀಲಿ, ಒಂದು ಗೋಡೆ



ಸೊರಬ ತಾಲ್ಲೂಕಿನ ನಮ್ಮ ಕೇರಿಯ ಓದುವ ಕೋಣೆಗೆ ಬಣ್ಣ ಹೊಡೀಬೇಕು. ಶಿಕಾರಿಪುರದ ಅಂಗಡಿಯಿಂದ ಮೂರು ಸಣ್ಣ ಡಬ್ಬಿ ತಂದ್ವಿ. ಮೂರೂ ಕಡುನೀಲಿ. ಕಾರ್ಡಲ್ಲಿ ಒಂದೇ ಥರ ಕಾಣ್ತಿದ್ವು. ಗೋಡೆ ಮೇಲೆ ಒಂದೊಂದು ಮೊಳ ಬಳಿದು ಒಣಗಿದ ಮೇಲೆ ವ್ಯತ್ಯಾಸ ಗೊತ್ತಾಯ್ತು. ಒಂದು ನೇರಳೆ ಕಡೆ ವಾಲುತ್ತೆ, ಇನ್ನೊಂದು ಹಸಿರಿನ ಕಡೆ. ಮೂರನೆಯದು ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಕಪ್ಪೇ.

ಹುಡುಗರು "ನೀಲಿ ನೀಲಿನೇ ಅಲ್ವಾ ಅಣ್ಣ" ಅಂದ್ರು. ಊರಿನ ಹಿರಿಯರೊಬ್ಬರು ಮಾತ್ರ "ನೀಲಿ ಯಾಕ್ರಪ್ಪ, ಕೆನೆ ಬಣ್ಣ ಹೊಡೀರಿ, ಎಲ್ಲರಿಗೂ ಹೊಂದುತ್ತೆ" ಅಂದ್ರು. ಈ 'ಎಲ್ಲರೂ' ಯಾರು? ನಮ್ಮ ಕೇರಿಯೊಳಗೆ ಇವತ್ತಿಗೂ ಕಾಲಿಡದವರಿಗೆ ನಮ್ಮ ಗೋಡೆ ಯಾಕೆ ಹೊಂದಬೇಕು? ಕೆನೆ ಬಳಿದರೆ ಜಾತಿ ಹೋಗುತ್ತಾ?

ಈ ನೀಲಿ ಅಂಗಡಿಯಿಂದ ಬಂದಿದ್ದಲ್ಲ. ಬಾಬಾಸಾಹೇಬರು 1942ರಲ್ಲಿ ನಾಗಪುರದಲ್ಲಿ ಕಟ್ಟಿದ ಪರಿಶಿಷ್ಟ ಜಾತಿಗಳ ಒಕ್ಕೂಟದ ಬಾವುಟದ ಬಣ್ಣ ಇದು. ನಮ್ಮದೇ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ 1986ರಲ್ಲಿ ಬೆತ್ತಲೆ ಸೇವೆ ಬೇಡ ಅಂತ ನಿಂತ ದಲಿತ ಸಂಘರ್ಷ ಸಮಿತಿಯ ಸಂಗಾತಿಗಳು ಏಟು ತಿಂದರು, ಅವಮಾನ ಉಂಡರು. ಅವರ ನೆಲದಲ್ಲಿ ಕೂತು ನಾವು ಬಣ್ಣ ಮರೆಸೋದಾ?

ಆದ್ರೆ ಅಭಿಮಾನಕ್ಕೆ ನಾಲ್ಕೂ ಗೋಡೆ ಕಡುನೀಲಿ ಮಾಡಿದರೆ ಮಕ್ಕಳಿಗೆ ಪುಸ್ತಕ ಕಾಣಲ್ಲ. ಕಡು ಬಣ್ಣ ಬೆಳಕು ನುಂಗುತ್ತೆ, ಬಿಳಿ ಗೋಡೆ ಬೆಳಕು ವಾಪಸ್ ಕೊಡುತ್ತೆ. ಮಲೆನಾಡಿನ ಮಳೆಗಾಲದಲ್ಲಿ ಹಗಲಲ್ಲೇ ಕತ್ತಲು. ದಾದರಿನಲ್ಲಿ 'ರಾಜಗೃಹ' ಕಟ್ಟಿಸುವಾಗ ಬಾಬಾಸಾಹೇಬರ ಮನಸ್ಸಲ್ಲಿದ್ದಿದ್ದು ಪುಸ್ತಕಗಳಿಗೆ ಜಾಗ. ನಮ್ಮ ಕೋಣೆಗೂ ಮೊದಲು ಓದು, ಆಮೇಲೆ ಬಣ್ಣ.

ಅದಕ್ಕೆ ಹೀಗೆ ತೀರ್ಮಾನ ಆಯ್ತು: ಬಾಬಾಸಾಹೇಬರ ಫೋಟೋ ಇರೋ ಒಂದು ಗೋಡೆಗೆ ನೀಲಿ, ಉಳಿದ ಮೂರಕ್ಕೆ ಬಿಳಿ. ಮೂರು ನೀಲಿಗಳಲ್ಲಿ ನೇರಳೆ ಕಡೆ ವಾಲೋದನ್ನೇ ಆರಿಸಿದ್ವಿ. ಕಾರಣ ನಮ್ಮ ಅಜ್ಜಿಯರು. ಹಬ್ಬಕ್ಕೆ ಸುಣ್ಣ ಕಲಸುವಾಗ ಬಟ್ಟೆಗೆ ಹಾಕೋ ನೀಲಿಪುಡಿ ಒಂದು ಚಿಟಿಕೆ ಬೆರೆಸ್ತಿದ್ರಲ್ಲ, ಅದೇ ಜಾತಿಯ ನೀಲಿ ಇದು. ಅಲ್ಟ್ರಾಮರೀನ್ ಅಂತಾರೆ. ಸುಣ್ಣದ ಖಾರಕ್ಕೆ ಎಷ್ಟೋ ಬಣ್ಣ ಸಾಯುತ್ತವೆ, ಇದು ಸಾಯಲ್ಲ. ಬಾವುಟಕ್ಕಿಂತ ಮೊದಲೇ ನಮ್ಮ ಗುಡಿಸಲ ಗೋಡೆಯಲ್ಲಿ ಇದ್ದ ಬಣ್ಣ.

ಹಿರಿಯರಿಗೂ ಹೇಳಿದ್ದೀವಿ, ಕೋಣೆ ಎಲ್ಲರಿಗೂ ತೆರೆದಿರುತ್ತೆ, ಅವರ ಮೊಮ್ಮಕ್ಕಳೂ ಬರಲಿ. ಬಣ್ಣ ಮಾತ್ರ ಬದಲಾಗಲ್ಲ.

ಬಣ್ಣದ ದುಡ್ಡು ಕೇರಿಯವರೇ ಹಾಕಿದ್ದಾರೆ. ನಿಮ್ಮಿಂದ ಕೇಳೋದು ಪುಸ್ತಕ. ಹೈಸ್ಕೂಲು, ಪಿಯುಸಿ ಮಕ್ಕಳು ಓದುವಂಥದ್ದು ಮನೇಲಿ ಸುಮ್ನೆ ಬಿದ್ದಿದ್ರೆ ಇನ್‌ಬಾಕ್ಸ್‌ಗೆ ಬನ್ನಿ.